ಅಂಕಿತ ಯಾರದು?

ಬರೆದವರು ಕೊನೆಗೆ ತಮ್ಮ ಹೆಸರು ಹಾಕಿಕೊಳ್ಳುವುದು ಲೋಕರೂಢಿ. ನಮ್ಮ ಶರಣರೂ ಹರಿದಾಸರೂ ತಮ್ಮ ಹೆಸರಿನ ಜಾಗದಲ್ಲಿ ದೇವರ ಹೆಸರನ್ನಿಟ್ಟರು. ಬಸವಣ್ಣನವರ ಅಂಕಿತ 'ಕೂಡಲಸಂಗಮದೇವ', ಅಕ್ಕಮಹಾದೇವಿಯದು 'ಚೆನ್ನಮಲ್ಲಿಕಾರ್ಜುನ', ಕನಕದಾಸರದು 'ಕಾಗಿನೆಲೆಯಾದಿಕೇಶವ'. "ನೀನು ಯಾರು?" ಎಂಬ ಪ್ರಶ್ನೆಗೆ "ನಾನು ಅವನಿಗೆ ಸೇರಿದ ಜೀವ" ಎಂಬುದೇ ಅವರ ಉತ್ತರ.

12ನೇ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿದ್ದರು. ತಾವು ಕಲಿತು ಬೆಳೆದ ಕೂಡಲಸಂಗಮ ದೂರ ಉಳಿದಿತ್ತು. ಆದರೂ ಆ ಹೆಸರು ಅವರ ಮಾತಿನಲ್ಲಿ ಕೊನೆಯವರೆಗೂ ಜೊತೆಗಿತ್ತು. ಊರು ಬಿಟ್ಟು ಬಂದ ನಮಗೆ ಇದೊಂದು ದೊಡ್ಡ ಸಮಾಧಾನ.

ಆದರೆ ಅಂಕಿತವೆಂದರೆ ಹೊಣೆಯೂ ಹೌದು. ಕೆಳಗೆ ದೇವರ ಹೆಸರಿರುವಾಗ ಮೇಲೆ ಸುಳ್ಳು ಬರೆಯುವುದು ಹೇಗೆ? ನಾವೂ ಎಷ್ಟೋ ಕಡೆ ಸಹಿ ಹಾಕುತ್ತೇವೆ. ಆಫೀಸಿನ ಟೈಮ್‌ಶೀಟು, ಖರ್ಚಿನ ಲೆಕ್ಕ, ಇನ್ಶೂರೆನ್ಸ್ ಅರ್ಜಿ. ಅಲ್ಲಿ ನಮ್ಮ ಸಹಿಯ ಬದಲು ಇಷ್ಟದೇವರ ಹೆಸರು ಬರೆಯಬೇಕಾಗಿ ಬಂದರೆ ಕೈ ಹಿಂಜರಿದೀತೇ? ಹಿಂಜರಿದರೆ, ತಿದ್ದಬೇಕಾದದ್ದು ಮೇಲಿನ ಬರಹವನ್ನು.

ಹಣೆಯ ಕುಂಕುಮ, ಭಾನುವಾರದ ಪೂಜೆ ನಮ್ಮ ಗುರುತು ನಿಜ. ಆದರೆ ಮಕ್ಕಳು ನಮ್ಮನ್ನು ಸೋಮವಾರವೂ ನೋಡುತ್ತಿರುತ್ತಾರೆ. ಆ ದಿನವೂ ದೇವರ ಅಂಕಿತಕ್ಕೆ ತಕ್ಕಂತೆ ಬಾಳುವ ಬಲವನ್ನು ಅವನೇ ನಮಗೆ ಕೊಡಲಿ.