ಸೋತು ಸುಣ್ಣವಾಗುವುದು

ತರಗತಿಯಲ್ಲಿ ನುಡಿಗಟ್ಟುಗಳ ಪಾಠ ನಡೆಯುತ್ತಿತ್ತು. 'ಸೋತು ಸುಣ್ಣವಾಗು' ಎಂದು ಹಲಗೆಯ ಮೇಲೆ ಬರೆದು, ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿರಿ ಎಂದೆ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, "ಸರ್, ಸೋತವನು ಸುಣ್ಣವೇ ಏಕಾಗಬೇಕು? ಬೂದಿಯಾಗಬಹುದಲ್ಲ?" ಎಂದು ಕೇಳಿದಳು. ಇಪ್ಪತ್ತು ವರ್ಷಕ್ಕೂ ಮೇಲೆ ಕನ್ನಡ ಪಾಠ ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹಿಂದೆಯಾಗಿದ್ದರೆ ನನ್ನಲ್ಲಿ ಸಿದ್ಧ ಉತ್ತರವಿತ್ತು: "ಕಲ್ಲು ಬೆಂದರೆ ತಾನೆ ಸುಣ್ಣ? ಮನುಷ್ಯನೂ ಕಷ್ಟದಲ್ಲಿ ಬೆಂದರೆ ತಾನೆ ಮನುಷ್ಯ?" ಈ ಮಾತನ್ನು ನಾನು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ, ಒಂದೆರಡು ಸಂತಾಪ ಸಭೆಗಳಲ್ಲಿಯೂ ಆಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆ ದಿನ ಅದು ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಏಕೆ ನುಂಗಿಕೊಂಡೆನೆಂಬುದನ್ನು ಹೇಳಬೇಕಾದರೆ ಮೊದಲು ಸುಣ್ಣದ ಕಥೆ ಹೇಳಬೇಕು, ಆಮೇಲೆ ನನ್ನ ತಮ್ಮನ ಕಥೆ.

ನಮ್ಮ ಊರು ಲೋಕಾಪುರದ ಕಡೆಗೆ. ಆ ಸೀಮೆಯ ನೆಲವನ್ನು ಬಗೆದರೆ ಸುಣ್ಣದ ಕಲ್ಲು ಸಿಗುತ್ತದೆ. ನಾನು ಹುಡುಗನಾಗಿದ್ದಾಗ ಊರ ಹೊರಗೆ ಒಂದು ಸುಣ್ಣದ ಗೂಡಿತ್ತು. ಒಂದು ಪದರ ಉರುವಲು, ಒಂದು ಪದರ ಕಲ್ಲು, ಮತ್ತೆ ಉರುವಲು, ಮತ್ತೆ ಕಲ್ಲು, ಹೀಗೆ ಬಾಯಿಯವರೆಗೆ ತುಂಬಿ ಕೆಳಗಿನಿಂದ ಬೆಂಕಿ ಕೊಡುತ್ತಿದ್ದರು. ಚಳಿಗಾಲದ ರಾತ್ರಿ ಅದರ ಮಗ್ಗುಲಲ್ಲಿ ಬೆಚ್ಚಗಿರುತ್ತಿತ್ತು. ಆದರೆ ಅಲ್ಲಿ ಮಲಗಿದವರು ಮುಂಜಾನೆ ಏಳುವುದಿಲ್ಲವೆಂದು ಅವ್ವ ಹೆದರಿಸುತ್ತಿದ್ದಳು. ಯಾವುದೋ ದೆವ್ವದ ಮಾತೆಂದು ನಾವು ತಿಳಿದಿದ್ದೆವು. ಅದು ದೆವ್ವವಲ್ಲ, ಕಲ್ಲಿನೊಳಗಿಂದ ಹೊರಡುವ ಗಾಳಿ ಎಂಬುದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಸುಣ್ಣದ ಕಲ್ಲಿನಲ್ಲಿ ಸುಣ್ಣದೊಡನೆ ಇಂಗಾಲಾಮ್ಲ ವಾಯು, ಈಗಿನ ಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲ, ಬಿಗಿಯಾಗಿ ಕೂಡಿಕೊಂಡಿದೆ. ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಕೂಟ ಮುರಿಯುತ್ತದೆ. ವಾಯು ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ೧೦೦ ಸೇರು ಶುದ್ಧವಾದ ಕಲ್ಲನ್ನು ಸುಟ್ಟರೆ ಉಳಿಯುವುದು ೫೬ ಸೇರು. ೪೪ ಸೇರು ಗಾಳಿಯ ಪಾಲು. ಈ ವಾಯು ನಾವು ಉಸಿರಾಡುವ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಅವ್ವನ ದೆವ್ವ ಇದೇ. ವಿಚಿತ್ರವೆಂದರೆ ಬೆಂದ ಕಲ್ಲು ನೋಟಕ್ಕೆ ಹೆಚ್ಚು ಕುಗ್ಗಿರುವುದಿಲ್ಲ. ಆಕಾರ ಹಾಗೆಯೇ ಇರುತ್ತದೆ. ಕೈಯಲ್ಲಿ ಎತ್ತಿ ನೋಡಿದಾಗಲೇ ಅದು ಎಷ್ಟು ಹಗುರಾಗಿದೆ, ಒಳಗೆ ಎಷ್ಟು ಬರಿದಾಗಿದೆ ಎಂದು ತಿಳಿಯುವುದು.

ಸುಟ್ಟ ಸುಣ್ಣ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. ತಣ್ಣಗಿದ್ದ ಕಲ್ಲಿಗೆ ಈ ಉಗ್ರತೆ ಎಲ್ಲಿಂದ ಬಂತು? ಬೆಂಕಿಯ ಅಂಶವೇನೋ ಅದರೊಳಗೆ ಹೊಕ್ಕು ಕುಳಿತಿದೆ ಎಂದು ಯುರೋಪಿನ ವಿದ್ವಾಂಸರು ಬಹುಕಾಲ ನಂಬಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬಾತ ತಕ್ಕಡಿ ಹಿಡಿದು ತೂಗಿ, ೧೭೫೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟ. ಬೆಂಕಿ ಏನನ್ನೂ ಒಳಗೆ ಸೇರಿಸಿಲ್ಲ. ಕಲ್ಲಿನಲ್ಲಿ ಸೆರೆಯಾಗಿದ್ದ ಗಾಳಿಯನ್ನು ಹೊರಗೆ ಕಳಿಸಿದೆ, ಅಷ್ಟೆ. ಸುಣ್ಣ ಸುಡುವುದು ಪಡೆದುಕೊಂಡದ್ದರಿಂದಲ್ಲ, ಕಳೆದುಕೊಂಡದ್ದರಿಂದ.

ಆ ಸುಣ್ಣಕ್ಕೆ ನೀರು ಹೊಯ್ದರೆ ಅದು ಬುಸುಗುಟ್ಟಿ ಕುದಿದು, ಉಬ್ಬಿ, ಬಿರಿದು, ಬಿಳಿಯ ಹಿಟ್ಟಾಗುತ್ತದೆ. ೫೬ ಸೇರು ಸುಣ್ಣ ೧೮ ಸೇರು ನೀರನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಮರಳು ಬೆರೆಸಿ ಅರೆದರೆ ಗಾರೆ. ಗೋಡೆಗೆ ಬಳಿದ ಮೇಲೆ ಅದು ಆ ನೀರನ್ನು ಬಿಟ್ಟು, ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಹಿಂದಕ್ಕೆ ಪಡೆಯುತ್ತ ಮತ್ತೆ ಕಲ್ಲಾಗುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಗೋಡೆ ದಪ್ಪವಾಗಿದ್ದರೆ ವರ್ಷಗಳೇ ಬೇಕು. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ನಳಿಗೆಯಿಂದ ಉಸಿರು ಊದಿ, ಅದು ಹಾಲಿನಂತಾಗುವುದನ್ನು ನೀವೂ ನೋಡಿರಬಹುದು. ನಮ್ಮ ಉಸಿರಿನಿಂದಲೂ ಸುಣ್ಣ ಕಲ್ಲಾಗುತ್ತದೆ.

ಇನ್ನು ನನ್ನ ತಮ್ಮನ ಕಥೆ. ೧೯೯೯ರಲ್ಲಿ ಅಪ್ಪ ತೀರಿಕೊಂಡಾಗ ನಾನು ಬಿ.ಎ. ಮುಗಿಸಿ ಧಾರವಾಡದಲ್ಲಿ ಎಂ.ಎ. ಸೇರುವವನಿದ್ದೆ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಪಿ.ಯು.ಸಿ. ಮುಗಿಸಿ ಡಿಪ್ಲೊಮಾಕ್ಕೆ ಅರ್ಜಿ ತಂದಿಟ್ಟುಕೊಂಡಿದ್ದ. ಮನೆಯಲ್ಲಿ ಆರು ಎಕರೆ ಹೊಲ, ಒಂದಿಷ್ಟು ಸಾಲ, ಅವ್ವ. ಇಬ್ಬರಲ್ಲಿ ಒಬ್ಬ ಊರಲ್ಲಿರಬೇಕಾಗಿತ್ತು. ಯಾರೂ ಕೂತು ಚರ್ಚಿಸಲಿಲ್ಲ. ನಾನು ಧಾರವಾಡಕ್ಕೆ ಹೋದೆ, ಅವನು ಉಳಿದ. ಅವನ ಅರ್ಜಿ ಏನಾಯಿತೆಂದು ನಾನು ಕೇಳಲಿಲ್ಲ. ಮರುವರ್ಷ ಮಳೆ ಕೈಕೊಟ್ಟಿತು, ಎತ್ತು ಮಾರಬೇಕಾಯಿತು ಎಂದು ಅವನು ಬರೆದಾಗ ನಾನು ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಇನ್‌ಲ್ಯಾಂಡ್ ಪತ್ರದ ಮೂರು ಮಗ್ಗುಲೂ ತುಂಬುವಂತೆ ಉತ್ತರ ಬರೆದೆ. ಕಷ್ಟ ಮನುಷ್ಯನನ್ನು ಗಟ್ಟಿಮಾಡುತ್ತದೆ. ಕಲ್ಲು ಬೆಂದ ಮೇಲೇ ಸುಣ್ಣವಾಗಿ ಮನೆಯನ್ನು ಬೆಳಗುತ್ತದೆ. ಈ ಅನುಭವ ಪುಸ್ತಕದಲ್ಲಿ ನನಗೆ ಸಿಗುವುದಿಲ್ಲ, ನೀನೇ ಭಾಗ್ಯವಂತ. ಆ ಪತ್ರ ಚೆನ್ನಾಗಿ ಬಂದಿದೆಯೆಂದು ನನಗೆ ಹೆಮ್ಮೆಯೂ ಆಗಿತ್ತು. ಅದಕ್ಕೆ ಉತ್ತರ ಬರಲಿಲ್ಲ.

ಇಪ್ಪತ್ತೆರಡು ವರ್ಷ ಹೀಗೇ ಕಳೆದವು. ೨೦೨೨ರಲ್ಲಿ ಅವ್ವ ಹೋದಳು. ಅವಳ ವರ್ಷದ ಕಾರ್ಯಕ್ಕೆ ಹಳೆಯ ಮನೆಯನ್ನು ದುರಸ್ತಿ ಮಾಡಿಸಬೇಕೆಂದುಕೊಂಡೆವು. ಹಳೆಯ ಕಲ್ಲು ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಕ್ಕೆ ಬರಲಾರದೆ ಗೋಡೆ ಕೆಡುತ್ತದೆ. ಸುಣ್ಣದ ಗಾರೆಯೇ ಆಗಬೇಕು ಎಂದ ತಮ್ಮ. ಹಳೆಯ ಕೆಲಸ ಬಲ್ಲ ಗೌಂಡಿಯೊಬ್ಬನನ್ನು ಹುಡುಕಿ ತಂದವನೂ ಅವನೇ. ಸುಣ್ಣಕ್ಕೆ ನೀರು ಹೊಯ್ದು ಕುಣಿಯಲ್ಲಿ ಮೂರು ನಾಲ್ಕು ತಿಂಗಳು ಕೊಳೆಹಾಕಬೇಕು ಎಂದು ಆ ಮುದುಕ ಹೇಳಿದ. ನನ್ನ ರಜೆ ಮುಗಿಯುತ್ತ ಬಂದಿತ್ತು, ಕಾರ್ಯದ ದಿನ ಗೊತ್ತಾಗಿತ್ತು, "ಅಷ್ಟು ದಿನ ಯಾರು ಕಾಯುತ್ತಾರೆ?" ಎಂದು ನಾನು ಅವಸರಪಡಿಸಿದೆ. ಹತ್ತು ದಿನದ ಸುಣ್ಣದಲ್ಲಿ ಗಾರೆ ಮಾಡಿದರು. ಗೋಡೆ ಬೆಳ್ಳಗೆ ನುಣ್ಣಗೆ ಹೊಳೆಯಿತು, ಬಂದವರೆಲ್ಲ ಹೊಗಳಿದರು.

ಮರುವರ್ಷ ಊರಿಗೆ ಹೋದಾಗ ನೋಡುತ್ತೇನೆ, ಪಡಸಾಲೆಯ ಗೋಡೆಯ ಮೇಲೆ ಅಲ್ಲಲ್ಲಿ ಗುಳ್ಳೆ ಎದ್ದು ಚಕ್ಕೆ ಉದುರಿದೆ. ಒಂದೊಂದು ಗುಳಿಯ ತಳದಲ್ಲಿಯೂ ಬಿಳಿಯ ಚುಕ್ಕೆ. ಗೌಂಡಿಯನ್ನು ಕರೆಸಿ ಸ್ವಲ್ಪ ಗಡಸಾಗಿಯೇ ಕೇಳಿದೆ. ಅವನು ಒಂದು ಗುಳಿಯನ್ನು ಉಗುರಿನಿಂದ ಕೆರೆದು ತೋರಿಸಿದ.

"ಮಾಸ್ತರ್ರ, ಇದು ಗ್ವಾಡಿ ತಪ್ಪಲ್ರಿ. ಗೂಡಿನ್ಯಾಗ ಅತಿ ಬೆಂದ ಹಳ್ಳು ಇದು. ನೋಡಾಕ ಸುಣ್ಣನ ಕಾಣತೈತಿ, ಆದ್ರ ನೀರು ಹಾಕಿದ್ರ ಅರಳೂದಿಲ್ಲ. ಎಲ್ಲಾರೂ ಅರಳಿದ ಮ್ಯಾಲ, ಗ್ವಾಡ್ಯಾಗ ಕುಂತು, ವರ್ಸಕ್ಕ ಅರಳತೈತಿ. ಕುಣ್ಯಾಗ ನಾಕ ತಿಂಗಳ ಬಿಟ್ಟಿದ್ರ ಅಲ್ಲೇ ಅರಳತಿತ್ತು."

ಗೌಂಡಿ ಹೋದ ಮೇಲೆ ತಮ್ಮ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಆಮೇಲೆ ಗೋಡೆಯನ್ನು ನೋಡುತ್ತಲೇ ಹೇಳಿದ:

"ಅಣ್ಣಾ, ನೀ ಧಾರವಾಡದಿಂದ ಒಂದ ಪತ್ರ ಬರದಿದ್ದಿ. ನೆನಪೈತೇನು? ಅವ್ವಗ ಎರಡೂ ಕಣ್ಣು ಒಂದ ಇದ್ವು. ಆದ್ರ ಆಕಿ ಕೈಯಾಗಿನ ಬೆಣ್ಣಿ ಒಂದ ಕಣ್ಣಿಗೆ ಸಾಲುವಷ್ಟ ಇತ್ತು. ಅದಕ್ಕ ನನಗ ಆಕಿ ಮ್ಯಾಲ ಸಿಟ್ಟಿಲ್ಲ. ನೀ ಓದಿದ್ದಕ್ಕೂ ಸಿಟ್ಟಿಲ್ಲ. ನನ್ನ ಕಣ್ಣಿಗೆ ಬಿದ್ದ ಸುಣ್ಣಾನ ಭಾಗ್ಯ ಅಂತ ಬರದಿ ನೋಡು, ಅದು ಮಾತ್ರ ಇಲ್ಲೇ ಉಳದೈತಿ."

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?

ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ: ಕಷ್ಟ ಮನುಷ್ಯನಿಗೆ ಒಳ್ಳೆಯದನ್ನು ಮಾಡುತ್ತದೆಯೆ? ಮಾಡುತ್ತದೆ ಎನ್ನುವವರು ನಿಂತ ಗೋಡೆಗಳನ್ನು ತೋರಿಸುತ್ತಾರೆ. ಆದರೆ ಗೂಡಿನಲ್ಲಿ ಬೆಂದ ಕಲ್ಲೆಲ್ಲ ಒಂದೇ ರೀತಿಯದಲ್ಲ. ಕೆಲವು ಅರೆಬೆಂದು ನಡುವೆ ಕಲ್ಲಾಗಿಯೇ ಉಳಿಯುತ್ತವೆ; ಕೆಲವು ಅತಿಯಾಗಿ ಬೆಂದು, ರಂಧ್ರಗಳು ಮುಚ್ಚಿಹೋಗಿ, ನೀರನ್ನೇ ಒಳಗೆ ಬಿಟ್ಟುಕೊಳ್ಳದಂತಾಗುತ್ತವೆ. ಗೂಡಿಗಾದರೆ ಉರಿಯ ಬಣ್ಣ ನೋಡಿ ಹದ ಹೇಳುವ ಒಬ್ಬನಿರುತ್ತಾನೆ. ಬಾಳಿನ ಬೆಂಕಿಗೆ ಹದಗಾರನಿಲ್ಲ. ಕಷ್ಟದಿಂದ ಗಟ್ಟಿಯಾದವರು ಸಭೆಯಲ್ಲಿ ಮಾತನಾಡುತ್ತಾರೆ, ನಾವು ಕೇಳುತ್ತೇವೆ. ಕಷ್ಟದಿಂದ ಮುರಿದವರನ್ನು ಯಾರೂ ಸಭೆಗೆ ಕರೆಯುವುದಿಲ್ಲ. ನಮ್ಮ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಎರಡನೆಯದಾಗಿ, ಸುಟ್ಟ ಸುಣ್ಣದಿಂದ ನೇರವಾಗಿ ಯಾರೂ ಗೋಡೆ ಕಟ್ಟುವುದಿಲ್ಲ. ಬೆಂಕಿ ಕೊಟ್ಟದ್ದು ಬರಿದಾದ, ಮುಟ್ಟಿದರೆ ಸುಡುವ ಒಂದು ಗಟ್ಟಿ. ಅದನ್ನು ಗೋಡೆಯಾಗಿಸಿದ್ದು ನೀರು, ಮರಳು, ಗಾಳಿ, ಕಾಲ. ಕಷ್ಟಪಟ್ಟವನಲ್ಲಿ ನಾವು ಮೆಚ್ಚುವ ತಾಳ್ಮೆ, ಕರುಣೆ, ವಿವೇಕಗಳು ಬೆಂಕಿಯಿಂದ ಬಂದವೆಂದು ನಾವು ತಿಳಿಯುತ್ತೇವೆ, ಬ್ಲ್ಯಾಕನ ಹಿಂದಿನ ವಿದ್ವಾಂಸರಂತೆಯೇ. ಬೆಂಕಿ ಕಳೆಯಿತು, ಅಷ್ಟೆ, ತುಂಬಿಕೊಟ್ಟವರು ಬೇರೆ. ನನ್ನ ತಮ್ಮ ಇಂದು ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಅದು ಬಡತನದ ದಾನವಲ್ಲ. ಅವ್ವ ಅವನ ಜೊತೆಗಿದ್ದಳು, ಅವನ ಹೆಂಡತಿ ಇದ್ದಳು, ಬಿತ್ತನೆಗೆ ಎತ್ತು ಕೊಟ್ಟ ನೆರೆಯವರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವನೇ ಇದ್ದ. ಆ ನೀರು ನಾನಾಗಿರಲಿಲ್ಲ. ನಾನು ದೂರದಲ್ಲಿ ನಿಂತು ಬೆಂಕಿಯನ್ನು ವರ್ಣಿಸಿದೆ.

ಹಾಗಾದರೆ ಬೆಂದವರು ತಮ್ಮ ನೋವಿನಲ್ಲಿ ಅರ್ಥವನ್ನು ಕಾಣಬಾರದೆ ಎಂದು ಯಾರಾದರೂ ಕೇಳಬಹುದು. ಖಂಡಿತವಾಗಿ ಕಾಣಬಹುದು. ಗಂಧವನ್ನು ತೇಯುವುದು, ಚಿನ್ನವನ್ನು ಕಾಯಿಸುವುದು, ಕಬ್ಬನ್ನು ಅರೆಯುವುದು ಮೊದಲಾದ ಉಪಮೆಗಳು ನಮ್ಮ ಸಾಹಿತ್ಯದಲ್ಲಿ ಹಳೆಯವು. ಆದರೆ ಅಕ್ಕಮಹಾದೇವಿ ಅವನ್ನು ಬಳಸಿದ್ದು ತನ್ನ ನೋವಿನ ಬಗ್ಗೆ, ತನ್ನ ದೇವರ ಎದುರಿಗೆ. ಇನ್ನೊಬ್ಬರನ್ನು ತೇಯುತ್ತ, ನೀನು ಗಂಧವೆಂದು ಅವಳು ಹೇಳಲಿಲ್ಲ. ಬೆಂದವನು 'ಬೆಂದು ಗಟ್ಟಿಯಾದೆ' ಎಂದರೆ ಕೈಮುಗಿದು ಕೇಳಬೇಕು. ಅದು ಅವನ ಗಳಿಕೆ. ಆ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವನು ಅದೇ ಮಾತನ್ನು ಹೇಳಿದರೆ ಅದು ತತ್ವವಲ್ಲ, ತಪ್ಪಿಸಿಕೊಳ್ಳುವ ದಾರಿ. ಮಾತು ಒಂದೇ, ಆಡುವ ಬಾಯಿ ಬದಲಾದರೆ ನಿಜವೇ ಬದಲಾಗುತ್ತದೆ.

ಕಳೆದದ್ದನ್ನು ತುಂಬಿಕೊಡಬಹುದೆ? ಗೋಡೆಯ ಸುಣ್ಣ ಗಾಳಿಯಿಂದ ಇಂಗಾಲಾಮ್ಲವನ್ನು ಪಡೆದು ಮತ್ತೆ ಕಲ್ಲಾಗುತ್ತದೆಯೆಂದು ಮೇಲೆ ಹೇಳಿದೆ. ಆದರೆ ಅದು ಪಡೆಯುವುದು ಕಲ್ಲಿನಿಂದ ಹೋದದ್ದನ್ನು. ಉರುವಲಿನ ಹೊಗೆ ಹೋದದ್ದು ಹೋದದ್ದೇ. ಸಿಮೆಂಟಿಗೂ ಇದೇ ಕಲ್ಲನ್ನು ಸುಡುತ್ತಾರೆ. ಇಂದು ಮನುಷ್ಯರ ಕೆಲಸಗಳಿಂದ ಜಗತ್ತಿನ ಗಾಳಿಗೆ ಸೇರುವ ಇಂಗಾಲಾಮ್ಲದಲ್ಲಿ ನೂರಕ್ಕೆ ಸುಮಾರು ಏಳೆಂಟು ಪಾಲು ಸಿಮೆಂಟಿನದು. ನಮ್ಮ ಮನೆ ಎದ್ದು ನಿಲ್ಲುತ್ತದೆ, ಅದರ ಸೆಕೆಯನ್ನು ಎಲ್ಲರೂ ಉಣ್ಣುತ್ತಾರೆ. ಒಬ್ಬರ ಗೋಡೆಯ ಬೆಲೆಯನ್ನು ಇನ್ನೊಬ್ಬರು ತೆರುವುದು ಕುಟುಂಬದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಆ ಮನೆಯಲ್ಲಿಯೂ ಹೊಲದಲ್ಲಿಯೂ ನನಗೆ ಅರ್ಧ ಪಾಲಿತ್ತು. ಕಳೆದ ಬೇಸಿಗೆಯಲ್ಲಿ ಹಕ್ಕುಬಿಡುಗಡೆ ಪತ್ರ ಬರೆಸಿ ತಮ್ಮನ ಮುಂದಿಟ್ಟೆ. ಅವನು ಓದಿ, ಮಡಿಸಿ, "ಇದು ಛಲೋ ಆತು, ಅಣ್ಣಾ. ಆದ್ರ ಇದು ಅದಕ್ಕ ಉತ್ತರ ಅಲ್ಲ" ಎಂದ. ಅಲ್ಲವೆಂದು ನನಗೂ ಗೊತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನ ಆ ಅರ್ಜಿಯನ್ನು ಯಾವ ಕಚೇರಿಯೂ ಈಗ ತೆಗೆದುಕೊಳ್ಳುವುದಿಲ್ಲ. ಆಗ ನಾನು, ಇಪ್ಪತ್ತಮೂರು ವರ್ಷ ತಡವಾಗಿ, "ಆ ಪತ್ರ ತಪ್ಪು, ತಮ್ಮಾ. ಅದು ನಿನಗಾಗಿ ಬರೆದದ್ದಲ್ಲ, ನನಗೆ ನಿದ್ದೆ ಬರಲೆಂದು ಬರೆದುಕೊಂಡದ್ದು" ಎಂದೆ. ಅವನು ಎದ್ದು ಒಳಗೆ ಹೋಗಿ ಇಬ್ಬರಿಗೂ ಚಹಾ ತಂದ. ಕತ್ತಲಾಗುವವರೆಗೆ ಅದೇ ಗೋಡೆಗೆ ಒರಗಿ ಕುಳಿತು ಮಾತನಾಡಿದೆವು. ಏನು ಮಾತನಾಡಿದೆವೆಂಬುದು ಇಲ್ಲಿ ಬೇಡ.

ತರಗತಿಯ ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೆ: "ಬೂದಿಗೆ ನೀರು ಹಾಕಿದರೆ ಕೆಸರಾಗುತ್ತದೆ, ಸುಮ್ಮನಿರುತ್ತದೆ. ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದೆ. ಸೋತವನು ಮುಗಿದುಹೋದವನಲ್ಲ, ಹತ್ತಿರ ಹೋಗುವವರು ಅದನ್ನು ತಿಳಿದಿರಬೇಕು." ಅವಳು ಅದನ್ನು ಬರೆದುಕೊಂಡಳು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗಲಾರದು.

ಊರಿನಲ್ಲಿ ಈಗ ಗುಳಿ ಬಿದ್ದ ಗೋಡೆಗೆ ಹೊಸ ಗಾರೆ ಆಗಬೇಕಾಗಿದೆ. ಸುಣ್ಣ ಕುಣಿಯಲ್ಲಿ ನೆನೆಯುತ್ತಿದೆ. ಹಳೆಯ ರೋಮಿನ ಕಟ್ಟಡದ ಕಟ್ಟಳೆಯಲ್ಲಿ ಮೂರು ವರ್ಷವಾಗದ ಸುಣ್ಣವನ್ನು ಬಳಸಬಾರದೆಂದಿತ್ತು ಎಂದು ಪ್ಲಿನಿ ಎಂಬ ಲೇಖಕ ಬರೆದಿದ್ದಾನೆ. ಗೌಂಡಿ ಅಷ್ಟು ಕೇಳಿಲ್ಲ, ನಾಲ್ಕು ತಿಂಗಳು ಸಾಕೆಂದಿದ್ದಾನೆ. ಯಾವಾಗ ಶುರು ಮಾಡೋಣವೆಂದು ತಮ್ಮ ಫೋನಿನಲ್ಲಿ ಕೇಳಿದ. ಅದು ಅರಳಿ ಮುಗಿದ ಮೇಲೆ, ನೀನು ಹೇಳಿದಾಗ ಬರುತ್ತೇನೆ ಎಂದಿದ್ದೇನೆ.