‘ಅಶಕ್ತ’ರು ಯಾರು?

ಏಕಾದಶಿಯ ವಿಧಿಯನ್ನು ಹೇಳುವಲ್ಲಿ ‘ಅಶಕ್ತರು ಹಾಲು ಹಣ್ಣುಗಳನ್ನು ಸ್ವೀಕರಿಸಬಹುದು’ ಎಂಬ ಮಾತು ಬರುವುದುಂಟು. ಈ ಅಶಕ್ತರು ಯಾರು? ನಮ್ಮಲ್ಲಿ ಕೆಲವರು ಕಾಫಿಯಿಲ್ಲದಿದ್ದರೆ ತಲೆನೋವು ಬರುವುದೆಂಬಷ್ಟಕ್ಕೇ ಆ ವರ್ಗಕ್ಕೆ ತಾವಾಗಿ ಸೇರಿಕೊಳ್ಳುತ್ತಾರೆ. ಮತ್ತೆ ಕೆಲವರು, ವಯಸ್ಸು ಎಂಬತ್ತು ದಾಟಿ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುತ್ತಿದ್ದರೂ, ಆ ಹೆಸರು ಅವಮಾನವೆಂದು ಬಗೆದು ನೀರನ್ನೂ ಮುಟ್ಟದೆ, ದ್ವಾದಶಿಯ ಪಾರಣೆಗೆ ಮುನ್ನವೇ ನಿತ್ರಾಣರಾಗಿ ಬೀಳುತ್ತಾರೆ. ಇಬ್ಬರೂ ಪದವನ್ನು ಅಪಾರ್ಥ ಮಾಡಿಕೊಂಡವರೇ. ಉಪವಾಸದ ಕಡ್ಡಾಯವನ್ನು ಸ್ಮೃತಿಯು ಎಂಟು ವರ್ಷ ಮೀರಿ ಎಂಬತ್ತು ತುಂಬದವರಿಗೆ ಹೇಳಿದೆ. ನೀರು, ಹಣ್ಣು, ಹಾಲು, ಔಷಧಗಳನ್ನು ವ್ರತಭಂಗ ಮಾಡದ ಎಂಟು ವಸ್ತುಗಳಲ್ಲಿ ಎಣಿಸಿದೆ. ಶಾಸ್ತ್ರವೇ ಕೊಟ್ಟ ಅವಕಾಶವನ್ನು ತಳ್ಳುವುದು ನಿಷ್ಠೆಯ ಲಕ್ಷಣವೆಂದು ನಮಗೆ ತೋರುವುದಿಲ್ಲ.

ನಿಷೇಧವನ್ನು ಸೂಚಿಸುವ ‘ನಞ್’ಗೆ ವೈಯಾಕರಣರು ಆರು ಅರ್ಥಗಳನ್ನು ಹೇಳುತ್ತಾರೆ. ಅಭಾವವು ಅವುಗಳಲ್ಲಿ ಒಂದು ಮಾತ್ರ; ಅಲ್ಪತೆಯೂ ಒಂದು. ‘ಅನುದರಾ ಕನ್ಯಾ’ ಎಂದರೆ ಹೊಟ್ಟೆಯೇ ಇಲ್ಲದ ಕನ್ಯೆಯಲ್ಲ, ತೆಳುವಾದ ನಡುವಿನವಳು. ಅಶಕ್ತನೆಂಬಲ್ಲಿಯೂ ಶಕ್ತಿ ಕಡಿಮೆಯೆಂದು ತಿಳಿಯಬೇಕೇ ಹೊರತು ಶಕ್ತಿಯೇ ಇಲ್ಲವೆಂದಲ್ಲ. ಅದೂ ಯಾವ ಕಾರ್ಯದಲ್ಲಿ? ನಿರಾಹಾರಕ್ಕೆ ಅಶಕ್ತನಾದವನು ಪಾರಾಯಣಕ್ಕೆ ಶಕ್ತನಾಗಿರಬಹುದು.

ಈ ವಿವೇಕ ನಮ್ಮ ಆಡುಮಾತಿನಲ್ಲಿಯೂ ಉಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮನೆಗಳಲ್ಲಿ ‘ಇದು ನನ್ನ ಕೈಲಾಗದು’ ಎನ್ನುವವರು ಒಂದು ಕೆಲಸದ ವಿಷಯ ಹೇಳುತ್ತಾರೆ. ‘ಅವನು ಕೈಲಾಗದವನು’ ಎಂದೊಡನೆ ಮನುಷ್ಯನಿಗೇ ಮುದ್ರೆ ಬಿದ್ದಂತಾಯಿತು. ಇನ್ನೊಂದು ಜೋಡಿ ‘ಆರೆ’, ‘ಒಲ್ಲೆ’. ಮೊದಲನೆಯದರಲ್ಲಿ ಸಾಮರ್ಥ್ಯವಿಲ್ಲ, ಎರಡನೆಯದರಲ್ಲಿ ಮನಸ್ಸಿಲ್ಲ. ಈಗ ಒಲ್ಲದವರೂ ‘ಮಾಡಲಾರೆ’ ಎಂದೇ ಬರೆಯುತ್ತಾರೆ. ನೆಲ ಡೊಂಕೆನ್ನುವುದಕ್ಕಿಂತ ಇದು ಸಭ್ಯವಾದ ನೆಪ, ಅಷ್ಟೆ!

‘ಹರಿಯೊಬ್ಬನೇ ಶಕ್ತನು, ನಮ್ಮಿಂದೇನಾದೀತು?’ ಎಂಬ ಮಾತನ್ನೂ ಕೇಳುತ್ತೇವೆ. ವಿನಯಕ್ಕಾಗಿ ಆಡಿದರೆ ಸರಿ. ಕರ್ತವ್ಯದಿಂದ ಜಾರಿಕೊಳ್ಳಲು ಆಡಿದರೆ ಸಿದ್ಧಾಂತಕ್ಕೇ ವಿರುದ್ಧ. ಶ್ರೀಮದಾಚಾರ್ಯರು ಜೀವನಿಗೆ ಕರ್ತೃತ್ವವನ್ನು ನಿರಾಕರಿಸಲಿಲ್ಲ. ಅದು ನಿಜ, ಆದರೆ ಪರಮಾತ್ಮನ ಅಧೀನ ಎಂದರು. ಅಸ್ವತಂತ್ರನೆಂದರೆ ಅಶಕ್ತನೆಂದಲ್ಲ. ಜೀವನು ಏನನ್ನೂ ಮಾಡಲಾರನೆಂದಾದರೆ ವಿಧಿನಿಷೇಧಗಳನ್ನು ಯಾರನ್ನುದ್ದೇಶಿಸಿ ಹೇಳಬೇಕು?

ತನ್ನನ್ನು ತಾನೇ ಅಶಕ್ತನೆಂದುಕೊಳ್ಳುವುದಕ್ಕಿಂತ ಕಠಿನವಾದುದು ಪರರು ಹಾಗೆನ್ನುವುದು. ‘ನಿಮ್ಮ ಕೈಲಾಗದು, ಸುಮ್ಮನೆ ಕೂತಿರಿ ಅಜ್ಜಿ’ ಎಂದು ಪ್ರೀತಿಯಿಂದಲೇ ಹೇಳಿ, ಹೂ ಕಟ್ಟುವುದು, ಬತ್ತಿ ಹೊಸೆಯುವುದು ಎಲ್ಲವನ್ನೂ ಅವರಿಂದ ಬಿಡಿಸಿಬಿಡುತ್ತೇವೆ. ಮಡಿಯ ಅಡಿಗೆ ಆಗದವರಿಗೆ ಬತ್ತಿಯೂ ಆಗದೆಂದು ನಾವೇ ನಿರ್ಣಯಿಸಿದೆವು.

ಸ್ನಾನದ ವಿಷಯದಲ್ಲಿ ಶಾಸ್ತ್ರ ಹೀಗೆ ಮಾಡಲಿಲ್ಲ. ಮುಳುಗಿ ಮೀಯಲಾರದವರಿಗೆ ಮಂತ್ರಸ್ನಾನ, ಮಾನಸಸ್ನಾನಗಳನ್ನು ವಿಧಿಸಿ ಅವರನ್ನೂ ಅಧಿಕಾರಿಗಳನ್ನಾಗಿಯೇ ಇರಿಸಿತು. ತುಲಾಮಾಸದಲ್ಲಿ ಪಶ್ಚಿಮವಾಹಿನಿಗೆ ಹೊರಡುವ ಕುಟುಂಬಗಳು ಕಾಲು ನೋವಿನ ಹಿರಿಯರನ್ನು ಮನೆಯಲ್ಲಿ ಬಿಟ್ಟು ಬರಬೇಕಿಲ್ಲ. ಮೇಲಿನ ಮೆಟ್ಟಿಲಲ್ಲಿ ಕುಳ್ಳಿರಿಸಿ ಒಂದು ತಂಬಿಗೆ ಕಾವೇರಿಯ ನೀರು ತಂದುಕೊಡಲಿ. ಸಂಕಲ್ಪವನ್ನು ಮಕ್ಕಳಿಗೆ ಹೇಳಿಕೊಡುವವರು ಅವರೇ ಆಗಬಹುದು.