ಕೇಳದ ಪ್ರಶ್ನೆ

ಮಿಶಿಗನ್ನಿನ ಚಳಿಯಲ್ಲಿ 16 ವರ್ಷ ಓಡಿದ ನನ್ನ ಕಾರನ್ನು ಊರ ಕಡೆಯಿಂದ ಓದಲು ಬಂದ ಹುಡುಗನೊಬ್ಬ ಕೊಳ್ಳಲು ಒಪ್ಪಿದ್ದ. ಅಷ್ಟರಲ್ಲಿ ಕೂಲೆಂಟ್ ದೀಪ ಹತ್ತಿತು. ಮರುವಾರ ಆಯಿಲ್ ಒತ್ತಡದ ಕೆಂಪು ದೀಪವೂ.

ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಕಡಿಮೆಯಿಲ್ಲವಲ್ಲ, ಸೆನ್ಸರ್ ಕೆಟ್ಟಿರಬೇಕು ಎಂದು ಸಮಾಧಾನಪಟ್ಟೆ. ಮೆಕ್ಯಾನಿಕ್ ಸೆನ್ಸರ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ಕೂರಿಸಿದ. ಎಂಜಿನ್ ಕಾದಂತೆ ಮುಳ್ಳು ತೀರಾ ಕೆಳಗಿಳಿಯಿತು. ಆಯಿಲ್ ಏರಿದ್ದೇ ರೋಗದ ಗುರುತು: ಗ್ಯಾಸ್ಕೆಟ್ ಒಡೆದು ಕೂಲೆಂಟ್ ಅದರೊಳಗೆ ಸೇರುತ್ತಿತ್ತು.

ರಿಪೇರಿಗೆ ಕಾರಿನ ಬೆಲೆಗಿಂತ ಹೆಚ್ಚು ಬೇಕಿತ್ತು. “ಸೆನ್ಸರಿನ ವೈರ್ ಕಿತ್ತರೆ ದೀಪ ಆರುತ್ತೆ. ಅವನೇ ಕೇಳದಿದ್ದರೆ ನೀನ್ಯಾಕೆ ಹೇಳ್ಬೇಕು?” ಎಂದ ಗೆಳೆಯ. ಕೇಳದ ಪ್ರಶ್ನೆಗೆ ಉತ್ತರಿಸದಿರುವುದು ಸುಳ್ಳೇ? ಮೂರು ದಿನ ಇದೇ ಲೆಕ್ಕ ಹಾಕಿದೆ.

ಅವನು ಏಕೆ ಕೇಳಲಿಲ್ಲ? ಬೇರೆ ಯಾರೋ ಮಾರುತ್ತಿದ್ದರೆ ಹತ್ತು ಪ್ರಶ್ನೆ ಕೇಳಿ, ಮೆಕ್ಯಾನಿಕ್‌ಗೂ ತೋರಿಸುತ್ತಿದ್ದ. ನಾನು ಕನ್ನಡದಲ್ಲಿ ಮಾತಾಡಿದೆ. “ನೀವಿದ್ದೀರಲ್ಲ ಅಂಕಲ್” ಎಂದು ಬಿಟ್ಟುಬಿಟ್ಟ. ನಂಬಿದವನು ಕೇಳುವುದಿಲ್ಲ. ಹಾಗಾಗಿ ಅವನಿಗೆ ಕೇಳುವ ಮೊದಲೇ ಹೇಳಬೇಕು.

ಹೇಳಿದೆ. ಕಾರು ಗುಜರಿಗೆ ಹೋಯಿತು. ಆ ಮೂರು ದಿನಗಳ ಲೆಕ್ಕವನ್ನು ಮಾತ್ರ ಅವನಿಗೆ ಇನ್ನೂ ಹೇಳಿಲ್ಲ.